ಬಿಸಿಲಿಗೆ ಬೆಲೆ ಬಂತು, ಬೆವರಿಗೇನು ಬಂತು?



ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಈ ಐದು ಊರುಗಳ ಸುತ್ತ ಸುಮಾರು 13,000 ಎಕರೆ ಹೊಲದಲ್ಲಿ ಇವತ್ತು ಬೆಳೆ ಇಲ್ಲ, ಸೋಲಾರ್ ಪ್ಯಾನೆಲ್ಲುಗಳಿವೆ. 2018ರ ಮಾರ್ಚಿನಲ್ಲಿ ಮೊದಲ ಹಂತದ ಉದ್ಘಾಟನೆ ಆಯಿತು. 2019 ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ಪೂರ್ತಿ ಆಯಿತು. ಒಟ್ಟು 2,050 ಮೆಗಾವಾಟ್. ಸರ್ಕಾರ ಅದಕ್ಕೆ 'ಶಕ್ತಿಸ್ಥಳ' ಅಂತ ಹೆಸರಿಟ್ಟಿತು. ಮಂತ್ರಿಗಳು ಹೊಗಳಿದರು, ಪರಿಸರವಾದಿಗಳು ಹೊಗಳಿದರು, ಪರದೇಶದ ಪತ್ರಿಕೆಯವರೂ ಬಂದು ಫೋಟೋ ಹಿಡಿದುಕೊಂಡು ಹೋದರು. ರೈತನ ಭೂಮಿ ಕಸಿದುಕೊಂಡಿಲ್ಲ, ಬಾಡಿಗೆ ಕೊಟ್ಟಿದ್ದೇವೆ, ಹೊಗೆಯಿಲ್ಲದ ಕರೆಂಟು ಮಾಡಿದ್ದೇವೆ, ಇಡೀ ದೇಶಕ್ಕೆ ಇದೇ ಮಾದರಿ ಅಂದರು.

ಮಾದರಿ ಹೌದು. ಯಾತಕ್ಕೆ ಮಾದರಿ ಅನ್ನೋದನ್ನ ಕೇರಿಯವರು ಹೇಳಬೇಕಾಗಿದೆ. ಯಾಕಂದರೆ ಇವರ ಲೆಕ್ಕದಲ್ಲಿ ಭೂಮಿಗೆ ಬೆಲೆ ಇದೆ, ಬಿಸಿಲಿಗೆ ಬೆಲೆ ಇದೆ, ಚಿಮಣಿಯಿಂದ ಬಾರದೇ ಉಳಿದ ಹೊಗೆಗೂ ಬೆಲೆ ಇದೆ. ಅದೇ ಹೊಲದಲ್ಲಿ ತಲೆತಲಾಂತರದಿಂದ ಕಳೆ ಕಿತ್ತವರಿಗೆ, ಕಡಲೆಕಾಯಿ ಬಿಡಿಸಿದವರಿಗೆ, ಬದುವಿನ ಮೇಲೆ ಮೇಕೆ ಕಾಯ್ದವರಿಗೆ ಮಾತ್ರ ಒಂದು ಕಲಮ್ಮೂ ಇಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ, ಆಮೇಲೆ ತಿರುಚುವವರಿಗೆ ಎಡೆ ಬೇಡ. ನಾವು ಸೋಲಾರ್ ವಿರೋಧಿಗಳಲ್ಲ. ಕಲ್ಲಿದ್ದಲಿನ ಪಕ್ಷಪಾತಿಗಳಂತೂ ಅಲ್ಲವೇ ಅಲ್ಲ. ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿಯ ಕುಡತಿನಿಯಲ್ಲಿ ಕಲ್ಲಿದ್ದಲು ಸುಟ್ಟ ಬೂದಿ ಯಾರ ಅನ್ನದ ತಟ್ಟೆಗೆ ಬೀಳುತ್ತೆ ಅಂತ ನಮಗೆ ಗೊತ್ತು. ಭೂಮಿ ಬಿಸಿಯಾಗ್ತಾ ಇರೋದು ಸುಳ್ಳಲ್ಲ. ಮಳೆ ತಪ್ಪಿದರೆ ಮೊದಲು ಕೆಲಸ ಕಳಕೊಳ್ಳೋನು ಕೂಲಿಯವನು. ನಲವತ್ತೆರಡು ಡಿಗ್ರಿ ಬಿಸಿಲಲ್ಲಿ ಮಣ್ಣು ಹೊರೋಳು ಅವನ ಹೆಂಡ್ತಿ. ಫ್ಯಾನಿನ ಕೆಳಗೆ ಕೂತು ಹವಾಮಾನದ ಸೆಮಿನಾರು ಮಾಡುವವರು ನಮಗೆ ಈ ಪಾಠ ಹೇಳಬೇಕಾಗಿಲ್ಲ. ನಮ್ಮ ತಕರಾರು ಬಿಸಿಲಿನ ಕರೆಂಟಿನ ಮೇಲಲ್ಲ, ಅದರ ಜಮಾಖರ್ಚಿನ ಮೇಲೆ.

ಆ ಜಮಾಖರ್ಚನ್ನ ಬಿಡಿಸಿ ನೋಡೋಣ. ಸ್ಲೇಟು ಬಳಪ ಸಾಕು.

ಪಾರ್ಕು ಶುರುವಾದಾಗ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಬಾಡಿಗೆ ಅಂತ ನಿಗದಿಯಾಯಿತು. ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಹೆಚ್ಚಳ. ಮಳೆ ಇಲ್ಲದ, ಕೊಳವೆಬಾವಿಯಲ್ಲಿ ಫ್ಲೋರೈಡ್ ಬರುವ, ಮಗ ಬೆಂಗಳೂರಿಗೆ ಗುಳೆ ಹೋದ ಸಣ್ಣ ರೈತನಿಗೆ ಇದು ಕಡಿಮೆ ದುಡ್ಡಲ್ಲ. ಎರಡೋ ಮೂರೋ ಎಕರೆ ಕೊಟ್ಟವರನ್ನ ನಾವು ಬೈಯೋದಿಲ್ಲ. ಬಯಲುಸೀಮೆಯ ಬರ ಏನು ಅಂತ ತಿಂದವರಿಗೇ ಗೊತ್ತು. ಆದರೆ ಐವತ್ತು ಎಕರೆ ಇರುವ ದೊಡ್ಡ ಕುಳಕ್ಕೆ ಏನಾಯಿತು? ವರ್ಷಕ್ಕೆ ಹತ್ತೂವರೆ ಲಕ್ಷ, ಬೀಜ ಇಲ್ಲ, ಗೊಬ್ಬರ ಇಲ್ಲ, ಆಳು ಕರೆಯುವ ಹಂಗೂ ಇಲ್ಲ. ಹಿಂದೆ ಹೊಲದ ಬದುವಿನ ಮೇಲೆ ಕೊಡೆ ಹಿಡಿದು ನಿಂತು ಆಳುಗಳನ್ನ ಬೈಯೋ ಕಷ್ಟವಾದರೂ ಇತ್ತು. ಅದೂ ತಪ್ಪಿತು.

ಈಗ ಕರೆಂಟಿನ ಕಡೆ ನೋಡಿ. 2,050 ಮೆಗಾವಾಟಿಗೆ 13,000 ಎಕರೆ ಅಂದರೆ ಒಂದು ಮೆಗಾವಾಟಿಗೆ ಆರೂಕಾಲು ಎಕರೆ ಚಿಲ್ಲರೆ. ಆರೂವರೆ ಅಂತಲೇ ಹಿಡಿಯಿರಿ. ಅದರ ಬಾಡಿಗೆ ವರ್ಷಕ್ಕೆ 1,36,500 ರೂಪಾಯಿ. ಅಷ್ಟು ಜಾಗದಲ್ಲಿ ಒಂದು ಮೆಗಾವಾಟಿನ ಸ್ಥಾವರ ವರ್ಷಕ್ಕೆ ಕಡಿಮೆ ಅಂದರೂ ಹದಿನೈದು ಲಕ್ಷ ಯೂನಿಟ್ಟು ಕೊಡುತ್ತೆ. ಯೂನಿಟ್ಟಿಗೆ ಮೂರು ರೂಪಾಯಿ ಹಿಡಿದರೂ 45 ಲಕ್ಷ ರೂಪಾಯಿ. ಅಂದರೆ ನೂರು ರೂಪಾಯಿ ಆದಾಯದಲ್ಲಿ ಭೂಮಿಯ ಪಾಲು ಮೂರು ರೂಪಾಯಿ. ಯೂನಿಟ್ಟಿಗೆ ಒಂಬತ್ತು ಪೈಸೆ. ಉಳಿದದ್ದೆಲ್ಲ ಲಾಭ ಅಂತ ನಾವು ಹೇಳೋದಿಲ್ಲ. ಬ್ಯಾಂಕಿನ ಬಡ್ಡಿ ಇದೆ, ಪ್ಯಾನೆಲ್ಲಿನ ಖರ್ಚಿದೆ, ತಂತಿ ಕಂಬಗಳಿವೆ. ಆದರೆ ಬ್ಯಾಂಕಿಗೆ ಪಾಲಿದೆ, ಪ್ಯಾನೆಲ್ಲು ಮಾಡಿದವನಿಗೆ ಪಾಲಿದೆ, ಗುತ್ತಿಗೆದಾರನಿಗೆ ಪಾಲಿದೆ, ಪಹಣಿಯಲ್ಲಿ ಹೆಸರಿದ್ದವನಿಗೆ ಒಂಬತ್ತು ಪೈಸೆಯಾದರೂ ಇದೆ. ಹೊಲದಲ್ಲಿ ದುಡಿದು ತಿನ್ನುತ್ತಿದ್ದವನಿಗೆ ಎಷ್ಟು ಪೈಸೆ?

ಸೊನ್ನೆ ಪೈಸೆ.

ಅವನ ಹೊಲ ಹೋಗಿಲ್ಲವಲ್ಲ, ಅವನಿಗ್ಯಾಕೆ ಕೊಡಬೇಕು ಅಂತ ಕೇಳ್ತಾರೆ. ಹೊಲ ಅವನ ಹೆಸರಿಗೆ ಯಾಕಿರಲಿಲ್ಲ ಅಂತ ಮಾತ್ರ ಯಾರೂ ಕೇಳೋದಿಲ್ಲ. 2015-16ರ ಕೃಷಿ ಗಣತಿ ನೋಡಿ. ದೇಶದಲ್ಲಿ ಸಾಗುವಳಿಯಾಗುವ ಭೂಮಿಯಲ್ಲಿ ಪರಿಶಿಷ್ಟ ಜಾತಿಯವರ ಕೈಲಿರೋದು ನೂರಕ್ಕೆ ಒಂಬತ್ತು ಪಾಲೂ ತುಂಬೋದಿಲ್ಲ. ಜನಸಂಖ್ಯೆಯಲ್ಲಿ ನಾವು ನೂರಕ್ಕೆ ಹದಿನಾರು ಮೀರಿದ್ದೇವೆ. ಇರುವ ಭೂಮಿಯಾದರೂ ಎಂಥದ್ದು? ಕಲ್ಲು ಗುಡ್ಡ, ಹಳ್ಳದ ಅಂಚು. ಅರ್ಧಕ್ಕರ್ಧ ಬಗರ್ ಹುಕುಂ. ಅಪ್ಪ ಉತ್ತ, ಮಗ ಉಳುತ್ತಾ ಇದ್ದಾನೆ, ಕಾಗದ ತಾಲ್ಲೂಕು ಕಚೇರಿಯ ಕಡತದಲ್ಲಿ ನಿದ್ದೆ ಹೊಡೀತಾ ಇದೆ. ಬಾಡಿಗೆ ಕೊಡುವವನು ಬಂದು ಪಹಣಿ ತೋರಿಸು ಅಂದರೆ ಇವನು ಏನು ತೋರಿಸಬೇಕು? ಅಂಗೈಯ ಗುಳ್ಳೆ ತೋರಿಸಬೇಕಾ?

ಲೆಕ್ಕದಿಂದ ನಮ್ಮನ್ನ ಹೊರಗಿಡೋದು ಇದು ಮೊದಲನೇ ಸಲ ಅಲ್ಲ. 1974ರ ಮಾರ್ಚಿ ಒಂದರಿಂದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂತು. ದೇವರಾಜ ಅರಸರ ಕಾಲ. ಉಳುವವನೇ ಹೊಲದೊಡೆಯ ಅಂದರು. ಒಳ್ಳೆಯ ಮಾತು, ಎಷ್ಟೋ ಗೇಣಿದಾರರ ಬಾಳು ಬೆಳಗಿತು, ಅದನ್ನ ನಾವು ಮರೆಯೋದಿಲ್ಲ. ಆದರೆ ಕಾನೂನಿನ ಕಣ್ಣಿಗೆ ಉಳುವವನು ಅಂದರೆ ಗೇಣಿ ಕೊಡುತ್ತಿದ್ದವನು. ಗೇಣಿದಾರನ ಹಿಂದೆ ನೇಗಿಲು ಹಿಡಿದು ನಡೆಯುತ್ತಿದ್ದ ಆಳು ಕಾಣಲೇ ಇಲ್ಲ. ಜೀತದವನು ಕಾಣಲೇ ಇಲ್ಲ. ಟ್ರಿಬ್ಯೂನಲ್ಲಿನ ಮುಂದೆ ಆ ಹೊಲಕ್ಕೆ ಅರ್ಜಿ ಹಾಕೋ ದಾರಿ ಅವನಿಗಿರಲಿಲ್ಲ.

ಮೂವತ್ತೊಂಬತ್ತು ವರ್ಷ ಆದಮೇಲೆ, 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಕೂಲಿಯವನು ಕೊನೆಗೂ ಕಾಣಿಸಿದ. ಸರ್ಕಾರ ಭೂಮಿ ಸ್ವಾಧೀನ ಮಾಡಿಕೊಂಡರೆ ಸಂತ್ರಸ್ತ ಕುಟುಂಬ ಅಂದರೆ ಬರೀ ಭೂಮಾಲೀಕನ ಕುಟುಂಬ ಅಲ್ಲ, ಅದಕ್ಕೆ ಮುಂಚೆ ಮೂರು ವರ್ಷದಿಂದ ಆ ಜಾಗದಲ್ಲಿ ದುಡಿದು, ಅದನ್ನೇ ಮುಖ್ಯ ಜೀವನಾಧಾರ ಮಾಡಿಕೊಂಡಿದ್ದ ಕೃಷಿ ಕೂಲಿಕಾರರು, ಗೇಣಿದಾರರು, ಪಾಲಿಗೆ ಮಾಡುವವರು, ಕಸುಬುದಾರರೂ ಸಂತ್ರಸ್ತರೇ ಅಂತ ಆ ಕಾಯ್ದೆ ಹೇಳುತ್ತೆ. ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು, ಅಹವಾಲು ಕೇಳಬೇಕು, ಪುನರ್ವಸತಿ ಕೊಡಬೇಕು. ಓದಿದರೆ ಕಣ್ಣಿಗೆ ಹಬ್ಬ.

ಪಾವಗಡದಲ್ಲಿ ಭೂಮಿಯನ್ನ ಸ್ವಾಧೀನ ಮಾಡಿಕೊಳ್ಳಲಿಲ್ಲ. ಗುತ್ತಿಗೆಗೆ ತಗೊಂಡರು, ಇಪ್ಪತ್ತೈದು ವರ್ಷಕ್ಕೂ ಕಡಿಮೆಯಿಲ್ಲದ ಗುತ್ತಿಗೆ. ಒಂದು ತಲೆಮಾರು ಪೂರ್ತಿ ಆ ಹೊಲಕ್ಕೆ ಕಾಲಿಡೋ ಹಾಗಿಲ್ಲ. ಆದರೆ ಕಾನೂನಿನ ಪುಸ್ತಕದಲ್ಲಿ ಅದು ಸ್ವಾಧೀನ ಅಲ್ಲ. ಸ್ವಾಧೀನ ಅಲ್ಲವಾದ್ದರಿಂದ ಸಂತ್ರಸ್ತರೂ ಇಲ್ಲ. ಸಂತ್ರಸ್ತರೇ ಇಲ್ಲವಾದ್ದರಿಂದ ಪುನರ್ವಸತಿಯೂ ಇಲ್ಲ. ಜೊತೆಗೆ 2006ರ ಪರಿಸರ ಪರಿಣಾಮದ ಅಧಿಸೂಚನೆಯೊಳಗೆ ಇಂಥ ಸೋಲಾರ್ ಸ್ಥಾವರಗಳು ಬರೋದೇ ಇಲ್ಲ, ಹಾಗಾಗಿ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. ಎಂಥಾ ನಾಜೂಕು! ಯಾರಿಗೂ ಏಟು ಬಿದ್ದಿಲ್ಲ, ಯಾರ ಗುಡಿಸಲಿಗೂ ಬೆಂಕಿ ಬಿದ್ದಿಲ್ಲ, ಪೊಲೀಸು ಲಾಠಿ ಎತ್ತಿಲ್ಲ. ನಮ್ಮೋರು ಸುಮ್ಮನೆ ಲೆಕ್ಕದಿಂದ ಜಾರಿಹೋದರು. ರೈತನ ಭೂಮಿ ಉಳಿಸಿದ್ದೇವೆ ಅಂತ ಯಾವ ಗುತ್ತಿಗೆಯನ್ನ ಹೊಗಳುತ್ತಾರೋ ಅದೇ ಗುತ್ತಿಗೆ 2013ರಲ್ಲಿ ಕೂಲಿಯವನಿಗೆ ಸಿಕ್ಕ ಒಂದೇ ಒಂದು ಹಿಡಿಕೆಯನ್ನೂ ಕಿತ್ತುಕೊಂಡಿತು. ಈ ಮಾತನ್ನ ಸಭೆಗಳಲ್ಲಿ ಮತ್ತೆ ಮತ್ತೆ ಹೇಳಬೇಕು. ಯಾಕಂದರೆ ಓದಿದ ನಮ್ಮ ಹುಡುಗರು ಕೂಡ 'ಗುತ್ತಿಗೆ ತಾನೇ, ಸ್ವಾಧೀನ ಅಲ್ಲವಲ್ಲ' ಅಂತ ಸಮಾಧಾನ ಪಟ್ಟುಕೊಳ್ಳುತ್ತಾ ಇದ್ದಾರೆ.

ಕೆಲಸ ಕೊಟ್ಟಿದ್ದೇವಲ್ಲ ಅನ್ನುತ್ತಾರೆ. ಕಟ್ಟುವಾಗ ಕೆಲಸ ಇತ್ತು, ನಿಜ. ಗುಂಡಿ ತೋಡೋದು, ಕಂಬ ನಿಲ್ಲಿಸೋದು, ಪ್ಯಾನೆಲ್ಲು ಹೊರೋದು. ಕಟ್ಟಿ ಮುಗಿದ ಮೇಲೆ ಬಿಸಿಲು ತಾನೇ ಕೆಲಸ ಮಾಡುತ್ತೆ, ಬಿಸಿಲಿಗೆ ಕೂಲಿ ಕೊಡಬೇಕಾಗಿಲ್ಲ. ಉಳಿದದ್ದು ಗೇಟು ಕಾಯೋದು, ಹುಲ್ಲು ಕೊಯ್ಯೋದು, ಪ್ಯಾನೆಲ್ಲು ತೊಳೆಯೋದು, ಅದೂ ಗುತ್ತಿಗೆದಾರನ ಕೈಕೆಳಗೆ, ಇವತ್ತಿದ್ದು ನಾಳೆ ಇಲ್ಲದ ಕೆಲಸ. ಗುತ್ತಿಗೆದಾರ ಯಾರು, ಯಾರ ನೆಂಟ, ಯಾರ ಮಾತಿನ ಮೇಲೆ ಹೆಸರು ಸೇರಿಸುತ್ತಾನೆ ಅನ್ನೋದು ಯಾವ ಊರಿನಲ್ಲೂ ಗುಟ್ಟಲ್ಲ. ಕಡಲೆಕಾಯಿ ಹೊಲದಲ್ಲಿ ಬಿತ್ತನೆಯಿಂದ ಹಿಡಿದು ಕಾಯಿ ಬಿಡಿಸುವ ತನಕ ಹೆಂಗಸರಿಗೇ ಹೆಚ್ಚು ಕೆಲಸ ಇತ್ತು. ಕೂಲಿ ಜೊತೆಗೆ ಮಡಿಲಲ್ಲಿ ನಾಲ್ಕು ಹಿಡಿ ಕಾಯಿ, ಮೇಕೆಗೆ ಸೊಪ್ಪು, ಒಲೆಗೆ ಕಟ್ಟಿಗೆ. ಈ ಹಿಡಿ ಕಾಯಿಯನ್ನ ಯಾವ ಅರ್ಥಶಾಸ್ತ್ರಜ್ಞನೂ ಲೆಕ್ಕಕ್ಕೆ ತಗೊಂಡಿಲ್ಲ. ಬೇಲಿ ಬಂದ ಮೇಲೆ ಮೇಕೆ ಹೊಡಕೊಂಡು ಸುತ್ತು ಬಳಸಿ ಹೋಗಬೇಕು. ಮೇವಿಲ್ಲ ಅಂತ ಮೇಕೆ ಮಾರಿದವನ ಮನೆಗೆ ಯಾವ ಬಾಡಿಗೆಯ ಚೆಕ್ಕೂ ಬರೋದಿಲ್ಲ.

ಅರ್ಥಶಾಸ್ತ್ರಜ್ಞರ ಮಾತು ಬಂತು, ಹೇಳಿಬಿಡೋಣ. ಹವಾಮಾನದ ಅರ್ಥಶಾಸ್ತ್ರ ನಿಂತಿರೋದೇ ಒಂದು ಮಾತಿನ ಮೇಲೆ. ಕಲ್ಲಿದ್ದಲು ಸುಡುವವನು ಹೊಗೆಯನ್ನ ಬೇರೆಯವರ ಮೇಲೆ ಬಿಡುತ್ತಾನೆ, ಅದರ ನಷ್ಟ ಅವನ ಬಿಲ್ಲಿನಲ್ಲಿ ಬರೋದಿಲ್ಲ, ಆದ್ದರಿಂದಲೇ ಕಲ್ಲಿದ್ದಲು ಅಗ್ಗ ಅಂತ ಕಾಣಿಸುತ್ತೆ, ಆ ನಷ್ಟಕ್ಕೊಂದು ಬೆಲೆ ಕಟ್ಟಿ ಬಿಲ್ಲಿಗೆ ಸೇರಿಸಬೇಕು. ಸರಿಯಾದ ಮಾತು, ನಾವೂ ಒಪ್ಪುತ್ತೇವೆ. ಹಾಗಾದರೆ ಅದೇ ತಕ್ಕಡಿಯಲ್ಲಿ ಬಿಸಿಲಿನ ಕರೆಂಟನ್ನೂ ತೂಗಿ. ಹೊಲ ಮುಚ್ಚಿದ್ದರಿಂದ ಕೂಲಿಯವಳಿಗೆ ಆದ ನಷ್ಟ ಯಾರ ಬಿಲ್ಲಿನಲ್ಲಿದೆ? ಸೋಲಾರ್ ಅಗ್ಗ ಅಂತಾರೆ. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಯೂನಿಟ್ಟಿಗೆ 2 ರೂಪಾಯಿ 44 ಪೈಸೆಗೆ ಇಳಿಯಿತು, 2020ರ ಡಿಸೆಂಬರಿನಲ್ಲಿ ಗುಜರಾತಿನ ಹರಾಜಿನಲ್ಲಿ 1 ರೂಪಾಯಿ 99 ಪೈಸೆಗೂ ಬಂತು ಅಂತ ಕುಣಿದರು. ಇದು ಉಲ್ಟಾ ಹರಾಜು. ಕಡಿಮೆ ಬೆಲೆಗೆ ಕೂಗಿದವನಿಗೆ ಗುತ್ತಿಗೆ. ಬೆಲೆ ಇಳಿದದ್ದರಲ್ಲಿ ಚೀನಾದ ಫ್ಯಾಕ್ಟರಿಗಳ ಪಾಲಿದೆ, ಅಗ್ಗದ ಸಾಲದ ಪಾಲಿದೆ. ಸರ್ಕಾರದ ಪಾಲೂ ಇದೆ: ಸೋಲಾರ್ ಪಾರ್ಕಿಗೆ ಅಂತ ಕೇಂದ್ರ ಸರ್ಕಾರ ಮೆಗಾವಾಟಿಗೆ 20 ಲಕ್ಷದವರೆಗೆ ನೆರವು ಕೊಡುವ ಯೋಜನೆ ಮಾಡಿತು. ಎರಡು ಸಾವಿರ ಮೆಗಾವಾಟಿಗೆ ಲೆಕ್ಕ ಹಾಕಿದರೆ 400 ಕೋಟಿಯ ತನಕ ಆಗುತ್ತೆ. ಆ 400 ಕೋಟಿಯ ಲೆಕ್ಕದಲ್ಲಿ ರಸ್ತೆಗೆ, ತಂತಿಗೆ, ಸಬ್‌ಸ್ಟೇಷನ್ನಿಗೆ ಜಾಗ ಇದೆ. ಕೇರಿಗೆ?

ನಮ್ಮ ನಷ್ಟವನ್ನ ಬಿಲ್ಲಿಗೆ ಸೇರಿಸದೆ ಹೋದದ್ದೂ ಈ ಅಗ್ಗದ ಒಂದು ಕಾರಣ. ಹೊಗೆಗೆ ಬಿಲ್ಲು ಬರೆಯಿರಿ ಅಂತ ಊರಿಗೆ ಬುದ್ಧಿ ಹೇಳುವವರು ಹಸಿವಿಗೂ ಬಿಲ್ಲು ಬರೆಯಲಿ.

ಕರೆಂಟಿನ ಚರಿತ್ರೆಯನ್ನೇ ಕೊಂಚ ತಿರುವಿ ನೋಡಿ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ಕರೆಂಟು ತೆಗೆದರು. ಅದು ಹತ್ತಿರದ ಯಾವ ಹಳ್ಳಿಯಲ್ಲೂ ನಿಲ್ಲಲಿಲ್ಲ. ಸುಮಾರು 147 ಕಿಲೋಮೀಟರು ತಂತಿಯ ಮೇಲೆ ಓಡಿ ಇಂಗ್ಲಿಷ್ ಕಂಪನಿಯ ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿಗೇ ದೀಪ ಬಂದದ್ದು 1905ರಲ್ಲಿ. ಆ ಗಣಿಯ ಆಳದಲ್ಲಿ ಇಳಿದು ದುಡಿದವರಲ್ಲಿ ಬಹುಪಾಲು ತಮಿಳು ಸೀಮೆಯಿಂದ ಬಂದ ನಮ್ಮ ಜನ. ಎದೆಗೂಡಿಗೆ ಕಲ್ಲಿನ ಧೂಳು ತುಂಬಿಕೊಂಡು ಸತ್ತವರು ಅವರು, ಚಿನ್ನ ಹಡಗು ಹತ್ತಿತು. ಊರ ಮೇಲೆ ತಂತಿ ಹಾದು ಹೋಗೋದು, ಊರೊಳಗೆ ಕತ್ತಲೆ ಇರೋದು ಆವತ್ತಿನಿಂದ ನಡೆದುಬಂದ ಪದ್ಧತಿ. ಎಷ್ಟೋ ವರ್ಷ ಆದಮೇಲೆ ಭಾಗ್ಯಜ್ಯೋತಿ ಅಂತ ಗುಡಿಸಲಿಗೆ ಒಂದು ಬಲ್ಬು ಬಂತು.

ಈ ಪದ್ಧತಿಯನ್ನ ಮುರಿಯಬೇಕು ಅಂತ ಯೋಚನೆ ಮಾಡಿದವರಲ್ಲಿ ಬಾಬಾಸಾಹೇಬರು ಮೊದಲಿಗರು. ಸಂವಿಧಾನ ಬರೆದರು ಅಂತ ಮಾತ್ರ ನಮ್ಮ ಮಕ್ಕಳಿಗೆ ಹೇಳಿಕೊಡ್ತಾರೆ. 1942ರಿಂದ 46ರ ತನಕ ವೈಸರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗ ನೀರಾವರಿ, ವಿದ್ಯುತ್ತು ಅವರ ಕೈಲೇ ಇದ್ದವು ಅನ್ನೋದನ್ನ ಹೇಳಿಕೊಡೋದಿಲ್ಲ. ಕರೆಂಟು ಖಾಸಗಿಯವರ ಕೈಲಿರಬೇಕಾ, ಸರ್ಕಾರದ ಕೈಲಿರಬೇಕಾ, ಅದು ಅಗ್ಗವಾಗಿ ಸಾಕಷ್ಟು ಸಿಗೋದು ಹೇಗೆ ಅನ್ನೋ ಪ್ರಶ್ನೆಯನ್ನ 1943ರಲ್ಲೇ ಮೇಜಿನ ಮೇಲಿಟ್ಟವರು ಅವರು. 1947ರ 'ರಾಜ್ಯಗಳು ಮತ್ತು ಅಲ್ಪಸಂಖ್ಯಾತರು' ಪುಸ್ತಕದಲ್ಲಿ ಮೂಲ ಕೈಗಾರಿಕೆಗಳು ಸರ್ಕಾರದ್ದಾಗಬೇಕು, ಭೂಮಿಯೂ ಸರ್ಕಾರದ್ದಾಗಿ, ಜಾತಿ ನೋಡದೆ ಊರವರಿಗೆಲ್ಲ ಸಾಗುವಳಿಗೆ ಸಿಗಬೇಕು, ಭೂಮಾಲೀಕನೂ ಇರಬಾರದು, ಭೂಹೀನ ಕೂಲಿಯೂ ಇರಬಾರದು ಅಂದರು. ಆ ಮಾತನ್ನ ಕೇಳಿದ್ದರೆ ಪಾವಗಡದ ಬಾಡಿಗೆ ಇವತ್ತು ಐದು ಊರಿನ ಎಲ್ಲ ಮನೆಗೂ ಸಮನಾಗಿ ಬರುತ್ತಿತ್ತು. ಕೇಳಲಿಲ್ಲ.

1948ರ ವಿದ್ಯುತ್ ಕಾಯ್ದೆಯಿಂದ ರಾಜ್ಯಗಳ ವಿದ್ಯುತ್ ಮಂಡಳಿಗಳು ಬಂದವು. ಲಂಚ, ನಷ್ಟ, ಲೈನ್‌ಮನ್‌ಗಾಗಿ ವಾರಗಟ್ಟಲೆ ಕಾಯೋದು ಎಲ್ಲಾ ಇತ್ತು, ಹೊಗಳೋದಕ್ಕೇನಿಲ್ಲ. ಆದರೂ ಕರೆಂಟು ಜನರ ಸೊತ್ತು ಅನ್ನೋ ಮಾತಾದರೂ ಉಳಿದಿತ್ತು. ನಮ್ಮ ಕೆ.ಇ.ಬಿ. 1999ರಲ್ಲಿ ಕೆ.ಪಿ.ಟಿ.ಸಿ.ಎಲ್. ಆಯಿತು, 2002ರಲ್ಲಿ ಬೆಸ್ಕಾಂ, ಜೆಸ್ಕಾಂ ಅಂತ ಹಂಚಿಹೋಯಿತು. 2003ರ ಕಾಯ್ದೆ 1948ರದ್ದನ್ನ ತೆಗೆದುಹಾಕಿ ಕರೆಂಟನ್ನ ವ್ಯಾಪಾರದ ಸರಕು ಮಾಡಿತು. 2008ರಲ್ಲಿ ಕರೆಂಟಿನ ಸಂತೆಯೇ ಶುರುವಾಯಿತು. ಎಕ್ಸ್‌ಚೇಂಜು ಅಂತಾರೆ.

ಈ ಸಂತೆಯ ನಿಯಮ ನಮ್ಮ ಊರ ಸಂತೆಯ ಹಾಗಲ್ಲ. ದಿನವನ್ನ ಹದಿನೈದು ನಿಮಿಷದ 96 ತುಂಡು ಮಾಡಿದ್ದಾರೆ. ಒಂದೊಂದು ತುಂಡಿಗೂ ಹರಾಜು. ಎಷ್ಟು ಕರೆಂಟು ಬೇಕೋ ಅಷ್ಟು ತುಂಬುವ ತನಕ ಅಗ್ಗದವನಿಂದ ಶುರುಮಾಡಿ ದುಬಾರಿಯವನ ಕಡೆಗೆ ಏರುತ್ತಾ ಹೋಗ್ತಾರೆ. ಕೊನೆಗೆ ಬೇಕಾದ ಆ ದುಬಾರಿಯವನ ಬೆಲೆ ಯಾವುದೋ ಅದೇ ಬೆಲೆ ಅಗ್ಗದವನಿಗೂ ಸಿಗುತ್ತೆ. ಸಂತೆಯಲ್ಲಿ ಕೊನೆಯ ಟೊಮೇಟೊ ಬುಟ್ಟಿ ನೂರು ರೂಪಾಯಿಗೆ ಹೋಯಿತು ಅಂತ ಮೊದಲು ಇಪ್ಪತ್ತಕ್ಕೆ ಕೊಡಲು ಒಪ್ಪಿದವನಿಗೂ ನೂರು ಕೊಟ್ಟ ಹಾಗೆ. ಮಧ್ಯಾಹ್ನ ಸೂರ್ಯ ನೆತ್ತಿಗೆ ಬಂದಾಗ ಬೆಲೆ ಕುಸಿಯುತ್ತೆ, ಸಂಜೆ ದೀಪ ಹಚ್ಚೋ ಹೊತ್ತಿಗೆ ಆಕಾಶಕ್ಕೆ ಏರುತ್ತೆ. 2022ರ ಮಾರ್ಚಿನಲ್ಲಿ ಯೂನಿಟ್ಟಿಗೆ 20 ರೂಪಾಯಿಗೆ ಮುಟ್ಟಿತು. ಆಮೇಲೆ ಕೇಂದ್ರದ ಆಯೋಗ 12 ರೂಪಾಯಿಗೆ, 2023ರ ಏಪ್ರಿಲಿನಿಂದ 10 ರೂಪಾಯಿಗೆ ಮಿತಿ ಹಾಕಿತು. ದೇಶದ ಒಟ್ಟು ಕರೆಂಟಿನಲ್ಲಿ ಇಲ್ಲಿ ಮಾರೋದು ಸಣ್ಣ ಪಾಲೇ. ಆದರೆ ಬರಗಾಲದಲ್ಲಿ ಎಸ್ಕಾಂಗಳು ಓಡೋದು ಇಲ್ಲಿಗೇ. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯ ತಳ ಕಂಡಾಗ ಕರ್ನಾಟಕ ಹೊರಗಿನಿಂದ ಕರೆಂಟು ಕೊಂಡಿತು. ಆ ದುಡ್ಡು ಆಮೇಲೆ ಎಲ್ಲರ ಬಿಲ್ಲಿಗೂ ಬರುತ್ತೆ, ಹಿಟ್ಟಿನ ಗಿರಣಿಯವನ ಬಿಲ್ಲಿಗೂ ಬರುತ್ತೆ, ಅವನು ರಾಗಿ ಬೀಸೋ ಕೂಲಿಗೆ ಸೇರಿಸುತ್ತಾನೆ.

'ನಿಮಗೆ ಗೃಹಜ್ಯೋತಿ ಇದೆಯಲ್ಲ, ಫ್ರೀ ಕರೆಂಟು ತಿಂತೀರಲ್ಲ' ಅಂತ ಬಸ್ಸಿನಲ್ಲಿ, ಕಚೇರಿಯಲ್ಲಿ ನಮ್ಮ ಮುಖಕ್ಕೇ ಹೇಳುವವರಿದ್ದಾರೆ. ಅವರಿಗೊಂದು ಕಥೆ ಹೇಳಿ. 2014ರ ಆಗಸ್ಟಿನಲ್ಲಿ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ಒಂದು ಆದೇಶ ಮಾಡಿತು. ಇಂತಿಷ್ಟು ವರ್ಷದೊಳಗೆ ಶುರುವಾದ ಸೋಲಾರ್ ಸ್ಥಾವರಗಳಿಂದ ಯಾರಾದರೂ ನೇರವಾಗಿ ಕರೆಂಟು ಕೊಂಡರೆ ತಂತಿಯ ಬಾಡಿಗೆ ಇಲ್ಲ, ಉಳಿದ ಕರೆಂಟನ್ನ ಗ್ರಿಡ್ಡಿನಲ್ಲಿ ಕೂಡಿಟ್ಟುಕೊಳ್ಳೋ ಬಾಡಿಗೆ ಇಲ್ಲ, ಅಡ್ಡ ಸಬ್ಸಿಡಿಯ ಸರ್ಚಾರ್ಜು ಇಲ್ಲ. ಹತ್ತು ವರ್ಷ. ಅಡ್ಡ ಸಬ್ಸಿಡಿ ಅಂದರೆ ಏನು? ದೊಡ್ಡ ಕಾರ್ಖಾನೆ, ದೊಡ್ಡ ಆಫೀಸು ಕೊಂಚ ಜಾಸ್ತಿ ಕೊಟ್ಟು, ಪಂಪ್‌ಸೆಟ್ಟು, ಗುಡಿಸಲು ಕೊಂಚ ಕಡಿಮೆ ಕೊಡುವ ಏರ್ಪಾಡು. ಗಾಜಿನ ಕಟ್ಟಡದ ಕಂಪನಿಗಳಿಗೆ ಈ ಏರ್ಪಾಡಿನಿಂದ ಹೊರಗೆ ನಡೆಯೋಕೆ ಹಸಿರು ಬಾಗಿಲು ತೆರೆದರು. ದೊಡ್ಡೋರು ಹೊರಗೆ ಹೋದ ಮೇಲೆ ಬೆಸ್ಕಾಂನ ತಂತಿ ಕಂಬದ ಖರ್ಚು ಯಾರ ತಲೆಗೆ? ಒಳಗೆ ಉಳಿದವರ ತಲೆಗೆ. ಹತ್ತು ವರ್ಷದ ಆ ಮಾಫಿಯನ್ನ ಯಾರೂ ಫ್ರೀ ಕರೆಂಟು ಅನ್ನಲಿಲ್ಲ. ಪ್ರೋತ್ಸಾಹಧನ ಅಂದರು. ಗುಡಿಸಲಿಗೆ ಕೊಟ್ಟರೆ ಬಿಟ್ಟಿ, ಬಂಗಲೆಗೆ ಕೊಟ್ಟರೆ ಪ್ರೋತ್ಸಾಹ. ಭಾಷೆಯಲ್ಲೂ ಮಡಿ ಮೈಲಿಗೆ.

ಹೊಗೆಯ ಹೆಸರಿನಲ್ಲಿ ಎತ್ತಿದ ದುಡ್ಡಿನ ಕಥೆ ಇನ್ನೂ ಚೆನ್ನಾಗಿದೆ. 2010ರಲ್ಲಿ ಕೇಂದ್ರ ಸರ್ಕಾರ ಟನ್ನು ಕಲ್ಲಿದ್ದಲಿಗೆ 50 ರೂಪಾಯಿ ಸೆಸ್ಸು ಹಾಕಿತು. ಶುದ್ಧ ಇಂಧನಕ್ಕೆ ಬಳಸ್ತೀವಿ ಅಂದರು. 2016ರ ಹೊತ್ತಿಗೆ ಅದು 400 ರೂಪಾಯಿ. ಕಲ್ಲಿದ್ದಲಿನ ಮೇಲಿನ ಸೆಸ್ಸು ಕರೆಂಟಿನ ಬಿಲ್ಲಿಗೆ ಬರುತ್ತೆ, ಅಂದರೆ ಕೊಟ್ಟವರು ನಾವೂ. 2010-11ರಿಂದ 2017-18ರವರೆಗೆ 86,000 ಕೋಟಿ ರೂಪಾಯಿಗೂ ಮೀರಿ ಸೇರಿತು. ಶುದ್ಧ ಇಂಧನದ ನಿಧಿಗೆ ವರ್ಗಾವಣೆ ಆದದ್ದು 30,000 ಕೋಟಿಗಿಂತ ಕಡಿಮೆ. ಅದರಲ್ಲಿ ಯೋಜನೆಗಳಿಗೆ ಹೋದದ್ದು 16,000 ಕೋಟಿಯೂ ಇಲ್ಲ. 2017ರಲ್ಲಿ ಜಿ.ಎಸ್.ಟಿ. ಬಂದಾಗ ಆ ಸೆಸ್ಸನ್ನೇ ರಾಜ್ಯಗಳ ತೆರಿಗೆ ನಷ್ಟ ತುಂಬೋದಕ್ಕೆ ತಿರುಗಿಸಿದರು. 2025ರ ಸೆಪ್ಟೆಂಬರಿನಲ್ಲಿ ಸೆಸ್ಸನ್ನೇ ತೆಗೆದು ಜಿ.ಎಸ್.ಟಿ. ದರ ಏರಿಸಿದರು. ಕಲ್ಲಿದ್ದಲಿನ ಗಣಿ ಮುಚ್ಚಿದರೆ ಬೀದಿಗೆ ಬೀಳುವ ಕೂಲಿಗೆ, ಬಿಸಿಲಿನ ಪಾರ್ಕಿನಿಂದ ಬೀದಿಗೆ ಬಿದ್ದ ಕೂಲಿಗೆ ಅಂತ ಆ ದುಡ್ಡಿನಲ್ಲಿ ಒಂದು ಪಾಲು ತೆಗೆದಿಟ್ಟಿದ್ದರೆ ಯಾರ ಗಂಟು ಹೋಗುತ್ತಿತ್ತು?

ಇನ್ನು ಸರ್ಟಿಫಿಕೇಟಿನ ವ್ಯಾಪಾರ. ಇದನ್ನ ಬೇಗ ಮುಗಿಸುತ್ತೇವೆ, ಹೆಚ್ಚು ಹೊತ್ತು ನೋಡಿದರೆ ತಲೆ ತಿರುಗುತ್ತೆ. ಗಾಳಿಯಂತ್ರ ಹಾಕಿದವನು 'ನಾನು ಇಷ್ಟು ಟನ್ನು ಹೊಗೆ ತಪ್ಪಿಸಿದೆ' ಅಂತ ಕಾಗದ ಮಾಡಿಸಿಕೊಂಡು ಯೂರೋಪಿನವನಿಗೆ ಮಾರಬಹುದಿತ್ತು, ಅವನು ಆ ಕಾಗದ ತೋರಿಸಿ ತನ್ನ ಚಿಮಣಿ ಹೊಗೆಯನ್ನ ಮುಂದುವರಿಸಬಹುದಿತ್ತು. ಕ್ಯೋಟೋ ಒಪ್ಪಂದದ ಕಾಲದ ಈ ವ್ಯಾಪಾರದಲ್ಲಿ ನಮ್ಮ ಚಿತ್ರದುರ್ಗದ ಗುಡ್ಡಗಳ ಗಾಳಿಗೂ ಕಾಗದ ಆಯಿತು. 2008ರಲ್ಲಿ ಟನ್ನಿಗೆ 20 ಯೂರೋ ಮೀರಿದ್ದ ಆ ಕಾಗದ 2012 ಮುಗಿಯುವಾಗ ಒಂದು ಯೂರೋಗೂ ಬೇಡವಾಯಿತು. ಗುಡ್ಡದ ಕೆಳಗೆ ದನ ಮೇಯಿಸುತ್ತಿದ್ದವನಿಗೆ ಏರಿದ್ದೂ ತಿಳಿಯಲಿಲ್ಲ, ಇಳಿದದ್ದೂ ತಿಳಿಯಲಿಲ್ಲ. 2011ರಿಂದ ದೇಶದೊಳಗೇ ಹಸಿರು ಸರ್ಟಿಫಿಕೇಟು ಅಂತ ಇದೆ. ಕರೆಂಟನ್ನ ಒಬ್ಬನಿಗೆ ಮಾರಬಹುದು, ಅದರ ಹಸಿರುತನವನ್ನ ಇನ್ನೊಬ್ಬನಿಗೆ ಮಾರಬಹುದು. ಮರ ಒಬ್ಬನಿಗೆ, ನೆರಳು ಇನ್ನೊಬ್ಬನಿಗೆ. 2023ರಲ್ಲಿ ಕೇಂದ್ರ ಸರ್ಕಾರ ಇಂಗಾಲದ ಮಾರುಕಟ್ಟೆಯ ಯೋಜನೆಯನ್ನೂ ಪ್ರಕಟಿಸಿದೆ. ಯೂರೋಪಿನವರು 2026ರ ಜನವರಿಯಿಂದ ಉಕ್ಕು, ಸಿಮೆಂಟು ಗಡಿ ದಾಟುವಾಗ ಇಂಗಾಲದ ಲೆಕ್ಕ ಕೇಳುತ್ತಾರೆ. ಅದಕ್ಕೇ ಧಣಿಗಳಿಗೆಲ್ಲ ಈಗ ಹಸಿರಿನ ಮೇಲೆ ಪ್ರೀತಿ ಉಕ್ಕಿ ಬಂದಿದೆ. ಬರಲಿ. ಹೊಗೆ ಕಡಿಮೆಯಾದರೆ ನಮಗೂ ಒಳ್ಳೆಯದೇ. ಆದರೆ ಕಾಣದ ಹೊಗೆಯನ್ನ ಟನ್ನಿನಲ್ಲಿ ಅಳೆದು ಕಾಗದ ಮಾಡೋ ಚಾಣಾಕ್ಷರಿಗೆ ಕಣ್ಣೆದುರು ನಿಂತ ಕೂಲಿಯವಳನ್ನ ಒಂದು ಪಟ್ಟಿಯಲ್ಲಿ ಬರೆಯೋಕೆ ಬರೋದಿಲ್ಲ ಅಂದರೆ ನಂಬೋದು ಹೇಗೆ?

ಹಾಗಾದರೆ ಏನು ಬೇಕು ನಿಮಗೆ ಅಂತ ಕೇಳುತ್ತಾರೆ. ಬಿಕ್ಷೆ ಬೇಡ. ಯೂನಿಟ್ಟಿಗೆ ಐದು ಪೈಸೆ ಬೇಕು. ಮೇಲಿನ ಲೆಕ್ಕದಲ್ಲೇ ಮೆಗಾವಾಟಿಗೆ ವರ್ಷಕ್ಕೆ 75,000 ರೂಪಾಯಿ ಆಗುತ್ತೆ, 2,050 ಮೆಗಾವಾಟಿಗೆ ಹದಿನೈದು ಕೋಟಿ ಮೀರುತ್ತೆ. ಭೂಮಿ ಇಲ್ಲದ ಮನೆಗಳಿಗೆ, ಆ ಮನೆಯ ಹೆಂಗಸಿನ ಹೆಸರಿಗೆ, ಗುತ್ತಿಗೆ ಮುಗಿಯುವ ತನಕ ವರ್ಷವರ್ಷವೂ ನೇರವಾಗಿ ಬರಬೇಕು. ಸಮುದಾಯ ಭವನ ಕಟ್ಟಿಸುತ್ತೇವೆ, ಶಾಲೆಗೆ ಬಣ್ಣ ಹೊಡೆಸುತ್ತೇವೆ ಅನ್ನೋ ದಾನದ ಮಾತು ಬೇಡ. ಭೂಮಾಲೀಕನಿಗೆ ಬಾಡಿಗೆ ಬದಲು ಶಾಲೆಗೆ ಬಣ್ಣ ಹೊಡೆಸಿದರೆ ಒಪ್ಪುತ್ತಾನಾ? ಪ್ಯಾನೆಲ್ಲಿನ ಕೆಲಸ ಗುತ್ತಿಗೆದಾರನ ಮರ್ಜಿಯಲ್ಲಿ ಇರಬಾರದು. ಗುತ್ತಿಗೆಗೆ ತಗೊಂಡರೂ 2013ರ ಕಾಯ್ದೆಯ ಸಂತ್ರಸ್ತರ ಪಟ್ಟಿ ಆಗಲೇಬೇಕು ಅಂತ ರಾಜ್ಯ ಸರ್ಕಾರ ತನ್ನ ನಿಯಮದಲ್ಲಿ ಬರೆಯಲಿ, ಬರೆಯಬೇಡಿ ಅಂತ ಯಾರೂ ಕೈ ಹಿಡಿದಿಲ್ಲ.

ಇನ್ನೊಂದು ವಿಷಯ, ಜಮೀನು ಇರುವ ನಮ್ಮವರಿಗೆ. ಸರ್ಕಾರದಿಂದ ಮಂಜೂರಾದ ಜಮೀನಿಗೆ 1978ರ ಪಿ.ಟಿ.ಸಿ.ಎಲ್. ಕಾಯ್ದೆಯ ಕಾವಲಿದೆ. ಆ ಕಾಯ್ದೆಯಲ್ಲಿ ಪರಭಾರೆ ಅಂದರೆ ಕ್ರಯ, ದಾನ, ಅಡವು ಅಷ್ಟೇ ಅಲ್ಲ, ಗುತ್ತಿಗೆಯೂ ಸೇರುತ್ತೆ. ಸರ್ಕಾರದ ಮುಂಗಡ ಅನುಮತಿ ಇಲ್ಲದೆ ಮಾಡಿದರೆ ಅದು ಊರ್ಜಿತವಲ್ಲ. ದಲ್ಲಾಳಿ ಬಂದು ಸಂಜೆ ಹೊತ್ತು ಹೆಬ್ಬೆಟ್ಟು ಕೇಳಿದರೆ ಒತ್ತಬೇಡಿ. ಓದಿದ ಹುಡುಗರನ್ನ ಪಕ್ಕಕ್ಕೆ ಕೂರಿಸಿಕೊಂಡು ಕಾಗದ ಪೂರ್ತಿ ಓದಿಸಿ, ಬಾಡಿಗೆ ಏರೋದು ಹೇಗೆ, ಮಧ್ಯದಲ್ಲಿ ಕಂಪನಿ ಕೈಬಿಟ್ಟರೆ ಹೊಲವನ್ನ ಮೊದಲಿನ ಹಾಗೆ ಮಾಡಿಕೊಡೋರು ಯಾರು, ಕಾಂಕ್ರೀಟು ಕಿತ್ತು ತೆಗೆಯೋ ಖರ್ಚು ಯಾರದು ಅಂತ ಕೇಳಿ.

ಪಾವಗಡದ ಪಾರ್ಕನ್ನ ಇನ್ನೂ ಸಾವಿರಾರು ಎಕರೆಗೆ ವಿಸ್ತರಿಸುವ ಮಾತು 2023ರಿಂದ ಮಂತ್ರಿಗಳ ಬಾಯಲ್ಲಿ ಬರ್ತಾ ಇದೆ. ಬೇರೆ ಬಯಲುಸೀಮೆ ತಾಲ್ಲೂಕುಗಳಿಗೂ ಈ ಬಿಸಿಲಿನ ದಲ್ಲಾಳಿಗಳು ಬರುತ್ತಾರೆ. ಸರ್ವೇ ಮಾಡುವವನು ಪಹಣಿ ಹಿಡಿದುಕೊಂಡೇ ಬರುತ್ತಾನೆ, ಅದರಲ್ಲಿ ನಮ್ಮ ಹೆಸರು ಇರೋದಿಲ್ಲ. ಅವನು ಬರುವ ಮುಂಚೆ ನಮ್ಮ ಪಟ್ಟಿ ನಾವು ಮಾಡಿಕೊಳ್ಳಬೇಕು. ಕಾಲೋನಿಯ ಪ್ರತಿ ಮನೆಯಿಂದ ಯಾರು, ಯಾರ ಹೊಲದಲ್ಲಿ, ಯಾವ ಸರ್ವೇ ನಂಬರಿನಲ್ಲಿ, ಕಳೆದ ಮೂರು ವರ್ಷ ಎಷ್ಟು ದಿನ ಏನು ಕೆಲಸ ಮಾಡಿದರು, ಎಷ್ಟು ಕೂಲಿ ತಗೊಂಡರು, ಎಷ್ಟು ಮೇಕೆ ಎಲ್ಲಿ ಮೇಯುತ್ತಿದ್ದವು ಅಂತ ಒಂದು ಉದ್ದದ ನೋಟುಬುಕ್ಕಿನಲ್ಲಿ ಬರೆಯಿರಿ. ಹೆಂಗಸರ ಹೆಸರು ಗಂಡಂದಿರ ಹೆಸರಿನ ಕೆಳಗೆ ಬೇಡ, ಬೇರೆಯಾಗಿ ಬರೆಯಿರಿ. ಸಹಿ ಇಲ್ಲವೇ ಹೆಬ್ಬೆಟ್ಟು ಹಾಕಿಸಿ. ಗ್ರಾಮಸಭೆಯಲ್ಲಿ ಓದಿ ನಡಾವಳಿಗೆ ಸೇರಿಸಿ. ಮೂರು ಪ್ರತಿ ಮಾಡಿ ಒಂದನ್ನ ಪಂಚಾಯ್ತಿಗೆ, ಒಂದನ್ನ ತಹಸೀಲ್ದಾರರಿಗೆ ಕೊಟ್ಟು ಮೊಹರು ಹಾಕಿದ ಸ್ವೀಕೃತಿ ತಗೊಳ್ಳಿ. ಮೂರನೇದು ಕಾಲೋನಿಯಲ್ಲೇ ಇರಲಿ, ಯಾರ ಮನೆಯ ಟ್ರಂಕಿನಲ್ಲಿ ಇದೆ ಅಂತ ಹತ್ತು ಜನಕ್ಕೆ ಗೊತ್ತಿರಲಿ.